ನೀರು ಬರಲಿ, ನೀರು ಹೋಗಲಿ

ಈ ಮೇಜಿನ ಮೇಲೆ ಒಂದು ತಟ್ಟೆ ಇಟ್ಟಿದ್ದೇನೆ. ಹಿಂದೆ ಕೂತವರಿಗೆ ಕಾಣಿಸಲಿಕ್ಕಿಲ್ಲ, ಆಮೇಲೆ ಹತ್ತಿರ ಬಂದು ನೋಡಿ. ಇದರಲ್ಲಿರುವುದು ಬರೀ ಮಣ್ಣು. ಒಣಗಿ ಬಿರುಕುಬಿಟ್ಟ ಒಂದು ಹಳೇ ಹೊಂಡದ ತಳದಿಂದ ಎರಡು ಬೊಗಸೆ ತಂದಿದ್ದೆ. ತಂದಾಗ ಹೆಂಚಿನ ಚೂರಿನ ಹಾಗೆ ಗಟ್ಟಿಯಾಗಿತ್ತು. ಪುಡಿ ಮಾಡಿ, ನೀರು ಚಿಮುಕಿಸಿ, ಕಿಟಕಿ ಪಕ್ಕ ಇಟ್ಟೆ. ಬೀಜ ಹಾಕಲಿಲ್ಲ, ಗೊಬ್ಬರ ಹಾಕಲಿಲ್ಲ. ಒಂಬತ್ತನೇ ದಿನ ಸಾಸಿವೆ ಕಾಳಿನಷ್ಟು ಹಸಿರು ಕಾಣಿಸಿತು. ಈಗ ಎರಡು ತಿಂಗಳಾಯಿತು. ನಿನ್ನೆ ರಾತ್ರಿ ಎಣಿಸಿದೆ, 41 ಸಸಿ ಇವೆ. ಜೊಂಡಿನ ಜಾತಿಯವು ಇವೆ, ಹುಲ್ಲು ಇದೆ. ಮೂಲೆಯಲ್ಲಿ ನಾಲ್ಕೆಲೆ ಬಿಚ್ಚಿಕೊಂಡು ನಿಂತಿರುವುದು ನೀರಿನಲ್ಲಿ ಬೆಳೆಯುವ ಒಂದು ಜರೀಗಿಡ.

ಇದನ್ನು ಬಹಳ ಹಿಂದೆಯೇ ಮಾಡಿ ನೋಡಿದವರು ಚಾರ್ಲ್ಸ್ ಡಾರ್ವಿನ್. ಒಂದು ಪುಟ್ಟ ಕೊಳದ ಅಂಚಿನಲ್ಲಿ, ನೀರಿನಡಿಯಿಂದ, ಮೂರು ಕಡೆ ಒಂದೊಂದು ಚಮಚ ಕೆಸರು ತೆಗೆದರು. ಒಣಗಿದ ಮೇಲೆ ತೂಗಿದರೆ 200 ಗ್ರಾಂ ಕೂಡ ಇರಲಿಲ್ಲ. ಒಂದು ಬಟ್ಟಲಲ್ಲಿ ಹಾಕಿ, ಮುಚ್ಚಿ, ತಮ್ಮ ಓದುವ ಕೋಣೆಯಲ್ಲಿ ಆರು ತಿಂಗಳು ಇಟ್ಟುಕೊಂಡರು. ಒಂದೊಂದು ಸಸಿ ಎದ್ದ ಹಾಗೆ ಕಿತ್ತು ಎಣಿಸಿದರು. ಒಟ್ಟು 537 ಬಂದವು! ನೀರುಹಕ್ಕಿಗಳ ಕಾಲಿಗೆ ಅಂಟಿದ ಕೆಸರಿನಲ್ಲಿ ಎಷ್ಟು ಬೀಜ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬಹುದು ಅನ್ನುವುದು ಅವರ ಪ್ರಶ್ನೆಯಾಗಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಬಟ್ಟಲೇ. ಮೂರು ಚಮಚ ಮಣ್ಣಿನೊಳಗೆ ಅಷ್ಟು ಜೀವ ಸದ್ದಿಲ್ಲದೆ ಕಾದು ಕೂತಿತ್ತಲ್ಲ.

ಎಷ್ಟು ಕಾಲ ಕಾಯುತ್ತದೆ? ಇಂಗ್ಲೆಂಡಿನ ನಾರ್ಫೋಕ್ ಪ್ರದೇಶದಲ್ಲಿ ಹೊಲದ ಅಂಚಿನ ಎಷ್ಟೋ ಪುಟ್ಟ ಕೊಳಗಳನ್ನು ರೈತರು ಮಣ್ಣು ತುಂಬಿ ಮುಚ್ಚಿದ್ದರು. ಅಲ್ಲಿ ಬೆಳೆ ತೆಗೆದರು. ಕೊಳ ಇದ್ದ ಗುರುತು ಅಂದರೆ ಉಳುಮೆ ನೆಲದಲ್ಲಿ ಸ್ವಲ್ಪ ತಗ್ಗು, ಸ್ವಲ್ಪ ಕಪ್ಪು ಬಣ್ಣ, ಅಷ್ಟೇ. ಅಂಥ ಕೆಲವನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಹಳೇ ತಳ ಸಿಗುವವರೆಗೆ ಅಗೆದು, ನೀರು ನಿಲ್ಲಲು ಬಿಟ್ಟರು. ಕೆಲವೇ ತಿಂಗಳಲ್ಲಿ ನೀರುಗಿಡಗಳು ಎದ್ದವು. 2017ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಬೀಜಗಳು ಹೊಲದ ಕೆಳಗೆ 45ರಿಂದ 150 ವರ್ಷ ಹೂತು ಕೂತಿದ್ದವು. ತಾವರೆ ಇನ್ನೂ ಮುಂದೆ ಹೋಗುತ್ತದೆ. ಚೀನಾದ ಒಂದು ಬತ್ತಿದ ಸರೋವರದ ತಳದಲ್ಲಿ ಸಿಕ್ಕ ತಾವರೆ ಬೀಜ ಸುಮಾರು 1,300 ವರ್ಷ ಹಳೆಯದು. ಅದೂ ಮೊಳೆಯಿತು.

ಗಿಡ ಮಾತ್ರ ಅಂತ ತಿಳಿಯಬೇಡಿ. ನೀರ ಚಿಗಟ ಅಂತ ಒಂದು ಜೀವಿ ಇದೆ, ಕಣ್ಣಿಗೆ ಚುಕ್ಕೆಯ ಹಾಗೆ ಕಾಣುತ್ತದೆ, ಮೀನುಮರಿಗಳಿಗೆ ಅದೇ ಊಟ. ಕೊಳ ಬತ್ತುವ ಮೊದಲು ಗಟ್ಟಿ ಕವಚದ ಮೊಟ್ಟೆ ಇಟ್ಟು ಸಾಯುತ್ತದೆ. ಆ ಮೊಟ್ಟೆ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮತ್ತೆ ನೀರು ಬಿದ್ದಾಗ ಒಡೆಯುತ್ತದೆ.

ಹಾಗಾಗಿ 'ಹಾಳು ನೆಲ' ಅನ್ನುವ ಮಾತನ್ನು ನಾನು ಅನುಮಾನದಿಂದಲೇ ಕೇಳುತ್ತೇನೆ. ಹಾಳಾದ ನೆಲ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಸತ್ತ ನೆಲ ಬಹಳ ಕಡಿಮೆ. ಹೆಚ್ಚಿನ ಕಡೆ ಆಗಿರುವುದು ಏನೆಂದರೆ, ಯಾವುದೋ ಒಂದು ಅಡ್ಡಿ ಅದನ್ನು ಎದ್ದೇಳದ ಹಾಗೆ ಒತ್ತಿ ಹಿಡಿದಿದೆ. ಒಂದು ಚರಂಡಿ, ಒಂದು ಒಡ್ಡು, ವರ್ಷಾ ವರ್ಷಾ ಬೀಳುವ ಬೆಂಕಿ, ವಿಪರೀತ ಮೇಯಿಸುವುದು. ಆ ಅಡ್ಡಿ ಯಾವುದು ಅಂತ ಕಂಡುಹಿಡಿಯುವುದೇ ಮುಕ್ಕಾಲು ಕೆಲಸ. ಅದನ್ನು ಬಿಟ್ಟು ನಾವು ಮೊದಲು ಸಸಿ ತರುತ್ತೇವೆ, ಬೇಲಿ ಹಾಕುತ್ತೇವೆ, ಬೋರ್ಡು ನಿಲ್ಲಿಸುತ್ತೇವೆ.

ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮಿ ಅಂತ ಒಂದು ನದಿ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವತ್ತಿನ ಮಾತಿನ ಹುರುಳೆಲ್ಲ ಅದರಲ್ಲೇ ಇದೆ.

ಈ ನದಿ ಅಂಕುಡೊಂಕಾಗಿ 166 ಕಿಲೋಮೀಟರ್ ಹರಿಯುತ್ತಿತ್ತು. ಸುತ್ತಲೂ ಚಪ್ಪಟೆ ಬಯಲು. ಮಳೆ ಬಂದರೆ ನದಿ ದಡ ಮೀರಿ ಎರಡೂ ಕಡೆ ಹರಡಿಕೊಳ್ಳುತ್ತಿತ್ತು. ಆ ನೀರು ತಿಂಗಳುಗಟ್ಟಲೆ ನಿಂತು, ನಿಧಾನಕ್ಕೆ ಇಳಿಯುತ್ತಿತ್ತು. ಪ್ರವಾಹ ಆಗುತ್ತೆ ಅಂತ ಜನ ದೂರಿದರು. ಸರಿ, ಸೇನೆಯ ಎಂಜಿನಿಯರುಗಳು 1962ರಿಂದ 1971ರವರೆಗೆ ಕೆಲಸ ಮಾಡಿ ಅದನ್ನು ನೇರ ಮಾಡಿದರು. ಒಂಬತ್ತು ಮೀಟರ್ ಆಳದ, 90 ಕಿಲೋಮೀಟರ್ ಉದ್ದದ ಕಾಲುವೆ. ನೀರು ಬಂದಷ್ಟೇ ವೇಗದಲ್ಲಿ ಕೆಳಗೆ ಹೋಯಿತು. ಬಯಲು ಒಣಗಿತು. ದನ ಮೇಯಲು ಹುಲ್ಲುಗಾವಲು ಸಿಕ್ಕಿತು.

ಚಳಿಗಾಲಕ್ಕೆ ಬರುತ್ತಿದ್ದ ಬಾತುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಾಣೆಯಾದವು. ನೀರಿನಲ್ಲಿ ನಡೆದು ಮೀನು ಹಿಡಿಯುವ ಕೊಕ್ಕರೆ, ಕೆಂಬರಲುಗಳ ಜಾಗಕ್ಕೆ ದನದ ಹಿಂದೆ ಓಡಾಡುವ ಬೆಳ್ಳಕ್ಕಿ ಬಂತು. ಹರಿವು ನಿಂತ ಹಳೇ ತಿರುವುಗಳ ತಳದಲ್ಲಿ ಕೊಳೆ ಕೂತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಅದನ್ನು ಹೇಗೋ ಸಹಿಸಿಕೊಳ್ಳುವ ಮೀನುಗಳೇ ಉಳಿದವು. ಕಾಲುವೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಇದನ್ನು ಹಿಂದಕ್ಕೆ ತಿರುಗಿಸಿ ಅಂತ ಕೂಗು ಎದ್ದಿತು. ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಕೆಲಸ ಶುರುವಾದದ್ದು 1999ರಲ್ಲಿ. ಮುಗಿದದ್ದು 2021ರಲ್ಲಿ. ತೋಡಲು ಒಂಬತ್ತು ವರ್ಷ, ಮುಚ್ಚಲು ಇಪ್ಪತ್ತೆರಡು ವರ್ಷ. ಅದೂ ಪೂರ್ತಿ ಅಲ್ಲ, ಸುಮಾರು 35 ಕಿಲೋಮೀಟರ್ ಕಾಲುವೆ ಮಾತ್ರ. ಅದಕ್ಕೆ ಅಂದು ತೋಡಿ ಪಕ್ಕಕ್ಕೆ ರಾಶಿ ಹಾಕಿದ್ದ ಮಣ್ಣನ್ನೇ ತಳ್ಳಿದರು.

ಕಾಲುವೆ ಮುಚ್ಚಿದ ಮೇಲೆ ನೀರಿಗೆ ಬೇರೆ ದಾರಿ ಇರಲಿಲ್ಲ. ಹಳೇ ತಿರುವುಗಳಿಗೇ ಹೋಯಿತು. ಹರಿವು ತಳದ ಕೊಳೆಯನ್ನು ಕೊಚ್ಚಿಕೊಂಡು ಹೋಗಿ, ಕೆಳಗಿದ್ದ ಬಿಳಿ ಮರಳು ಕಾಣಿಸಿತು. ತಿರುವುಗಳಲ್ಲಿ ಮರಳ ದಿಬ್ಬಗಳು ಎದ್ದವು. ಬಯಲಿನಲ್ಲಿ ಮತ್ತೆ ನೀರು ಹರಡಿತು. ಬಾತುಗಳು, ಕೊಕ್ಕರೆಗಳು, ದಶಕಗಳಿಂದ ಕಾಣದಿದ್ದ ದಡದ ಹಕ್ಕಿಗಳು ಬಂದವು. ಯಾರೂ ಅವನ್ನು ತಂದು ಬಿಟ್ಟಿರಲಿಲ್ಲ.

ನೀರು ಹರಡಿದರೆ ಹಕ್ಕಿ ಯಾಕೆ ಬರುತ್ತದೆ? ಇದನ್ನು ಬಿಡಿಸಿ ಹೇಳಬೇಕು. ಹರಡಿದ ತೆಳು ನೀರಿಗೆ ಬಿಸಿಲು ತಳದವರೆಗೂ ಬೀಳುತ್ತದೆ. ಮುಳುಗಿದ ಹುಲ್ಲು ಕೊಳೆಯುತ್ತದೆ, ಪಾಚಿ ಬೆಳೆಯುತ್ತದೆ, ಅದನ್ನು ತಿನ್ನುವ ಹುಳು ಹೆಚ್ಚುತ್ತದೆ. ಸಣ್ಣ ಮೀನು ಅಲ್ಲಿಗೆ ನುಗ್ಗಿ ಮರಿ ಮಾಡುತ್ತದೆ. ಆಮೇಲೆ ನೀರು ಇಳಿಯಲು ಶುರುವಾಗುತ್ತದೆ. ಇಳಿಯುತ್ತಾ ಇಳಿಯುತ್ತಾ ಮೀನೆಲ್ಲ ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಒತ್ತಾಗಿ ಸೇರಿಕೊಳ್ಳುತ್ತವೆ. ಕೊಕ್ಕರೆ ಗೂಡಿನಲ್ಲಿ ಮರಿಗಳು ಬಾಯಿ ತೆರೆಯುವುದು ಸರಿಯಾಗಿ ಆಗಲೇ. ನೀರು ಏರುವಾಗ ಊಟ ಬೆಳೆಯುತ್ತದೆ, ಇಳಿಯುವಾಗ ಊಟ ಕೈಗೆ ಸಿಗುತ್ತದೆ. ಎರಡರಲ್ಲಿ ಒಂದನ್ನು ನಿಲ್ಲಿಸಿದರೂ ಗೂಡು ಖಾಲಿ.

ಇದು ನನಗೆ ಮೊದಲೇ ಗೊತ್ತಿರಲಿಲ್ಲ. ನಾನು ಸೇರಿದ್ದ ಒಂದು ಗುಂಪು ಒಂದು ಹಳೇ ಹೊಂಡವನ್ನು ಕೈಗೆತ್ತಿಕೊಂಡಿತ್ತು. ಎಲ್ಲರಿಗೂ ಒಳ್ಳೇ ಮನಸ್ಸಿತ್ತು. ಜೆಸಿಬಿ ತಂದು ಆಳಕ್ಕೆ ತೋಡಿದೆವು. ದಂಡೆಯನ್ನು ಕಡಿದಾಗಿ ಕತ್ತರಿಸಿ ಕಲ್ಲು ಕಟ್ಟಿದೆವು. ಹೂಳು ಅಂತ ಕಂಡದ್ದನ್ನೆಲ್ಲ ಲಾರಿಗೆ ತುಂಬಿ ಕಳಿಸಿದೆವು. ಮಳೆಗೆ ತುಂಬಿತು, ವರ್ಷಪೂರ್ತಿ ನೀಲಿಯಾಗಿ ತುಂಬಿಯೇ ಇತ್ತು. ಫೋಟೋದಲ್ಲಿ ಬಹಳ ಚೆನ್ನಾಗಿ ಬಂತು. ಆದರೆ ತೋಡುವ ಮೊದಲು ಅಲ್ಲಿ ದಿನಾ ಕಾಣುತ್ತಿದ್ದ ಗೊರವಗಳು, ಮೆಟ್ಟುಗಾಲು ಹಕ್ಕಿಗಳು ಆಮೇಲೆ ಒಂದೂ ಇಳಿಯಲಿಲ್ಲ. ಒಂದೆರಡು ನೀರುಕಾಗೆ ಬಂದವು, ಅಷ್ಟೇ.

ಒಂದು ದಿನ ಬೆಳಿಗ್ಗೆ ಒಂದು ಮೆಟ್ಟುಗಾಲು ಹಕ್ಕಿ ಬಂದು ಕಲ್ಲಿನ ಮೇಲೆ ಕೂತಿತು. ಗುಲಾಬಿ ಬಣ್ಣದ ಉದ್ದ ಕಡ್ಡಿ ಕಾಲು ಅದಕ್ಕೆ. ನೀರಿನ ಅಂಚಿಗೆ ಬಗ್ಗಿ ನೋಡಿತು. ಒಂದು ಕಾಲು ಇಳಿಸಿತು, ತಳ ಸಿಗಲಿಲ್ಲ, ಎತ್ತಿಕೊಂಡಿತು. ಇನ್ನೊಂದು ಕಡೆ ಹೋಗಿ ಮತ್ತೆ ಇಳಿಸಿತು, ಅಲ್ಲೂ ಇಲ್ಲ. ಹಾರಿ ಹೋಯಿತು. ನಮ್ಮ ಇಡೀ ಕೆಲಸದಲ್ಲಿ ಏನು ತಪ್ಪಾಗಿದೆ ಅಂತ ಆ ಹಕ್ಕಿ ಅರ್ಧ ನಿಮಿಷದಲ್ಲಿ ತೋರಿಸಿಕೊಟ್ಟಿತು.

ನೀರುಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ಅಡಿಗಿಂತ ಕಡಿಮೆ ನೀರು. ಸಣ್ಣ ಗೊರವಗಳಿಗೆ ಒಂದು ಬೆರಳಿನಷ್ಟು ಸಾಕು, ಬರೀ ಒದ್ದೆ ಕೆಸರೂ ನಡೆಯುತ್ತದೆ. ತಲೆ ಕೆಳಗೆ ಮಾಡಿ ಮೇಯುವ ಬಾತುಗಳಿಗೆ ಕತ್ತು ಮುಟ್ಟುವಷ್ಟು ಆಳ. ಕಾಲಿನ ಉದ್ದ, ಕೊಕ್ಕಿನ ಉದ್ದ, ಕತ್ತಿನ ಉದ್ದ, ಇವೇ ಅಳತೆಗೋಲು. ಅಂಚು ಇಳಿಜಾರಾಗಿದ್ದು ನೀರು ಏರಿಳಿಯುತ್ತಿದ್ದರೆ ಒಂದೊಂದು ವಾರ ಒಂದೊಂದು ಹಕ್ಕಿಗೆ ಸರಿಹೋಗುವ ಆಳ ತಾನಾಗಿ ಸಿಗುತ್ತದೆ. ಕಡಿದಾದ ದಂಡೆಯಲ್ಲಿ ಯಾರಿಗೂ ಸಿಗುವುದಿಲ್ಲ. ಹಾವು, ಆಮೆ, ಕಪ್ಪೆ ಮೇಲೆ ಬರುವುದಕ್ಕೂ ಆಗುವುದಿಲ್ಲ. ಆಮೇಲೆ ನಾವು ಲಾರಿಯಲ್ಲಿ ಕಳಿಸಿದ ಆ ಹೂಳು ಇದೆಯಲ್ಲ, ಅದರಲ್ಲೇ ಬೀಜ, ಮೊಟ್ಟೆ ಎಲ್ಲ ಇದ್ದದ್ದು. ಡಾರ್ವಿನ್ ಬಟ್ಟಲನ್ನು ಲಾರಿಗಟ್ಟಲೆ ತುಂಬಿ ಹೊರಗೆ ಕಳಿಸಿದ್ದೆವು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮುಂದಿನ ಬೇಸಿಗೆಗೆ ಒಂದು ಕಡೆಯ ಕಲ್ಲು ಕಿತ್ತೆವು. ಮಣ್ಣು ತಳ್ಳಿ ಇಳಿಜಾರು ಮಾಡಿದೆವು. ನೀರು ಹೊರಹೋಗುವ ಕಡೆ ಹಲಗೆ ಇಟ್ಟು, ಬೇಕಾದಾಗ ಒಂದೊಂದೇ ತೆಗೆದು ಮಟ್ಟ ಇಳಿಸುವ ಹಾಗೆ ಮಾಡಿಕೊಂಡೆವು. ಎರಡನೇ ವರ್ಷ ಮೆಟ್ಟುಗಾಲು ಹಕ್ಕಿಗಳು ತಿರುಗಿ ಬಂದವು, ಮೂರನೇ ವರ್ಷ ಒಂದು ಕೆಸರು ದಿಬ್ಬದ ಮೇಲೆ ನಾಲ್ಕು ಮೊಟ್ಟೆ ಇಟ್ಟವು.

ನೀರು ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನುವ ನಂಬಿಕೆ ನಮ್ಮೊಬ್ಬರದೇ ಅಲ್ಲ. ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲಿ ಟ್ರಾಮ್ ಚಿಮ್ ಅಂತ ಒಂದು ಜೌಗು ಇದೆ. ಯುದ್ಧದ ಕಾಲದಲ್ಲಿ ಕಾಲುವೆ ತೋಡಿ ಅದನ್ನು ಬತ್ತಿಸಿದ್ದರು. 1980ರ ದಶಕದಲ್ಲಿ ಅಲ್ಲಿಯವರು ಒಡ್ಡು ಕಟ್ಟಿ ನೀರು ನಿಲ್ಲಿಸಿದರು. 1986ರಲ್ಲಿ ಸಾರಸ ಕೊಕ್ಕರೆಗಳು ಮರಳಿ ಕಾಣಿಸಿದವು. ದೇಶಕ್ಕೆ ದೇಶವೇ ಖುಷಿಪಟ್ಟಿತು. ಆಮೇಲೆ ಬೇಸಿಗೆಯ ಬೆಂಕಿಗೆ ಹೆದರಿ ವರ್ಷವಿಡೀ ನೀರನ್ನು ಎತ್ತರಕ್ಕೆ ಹಿಡಿದಿಟ್ಟರು. ಸಾರಸಗಳು ತಿನ್ನುವುದು ಒಂದು ಜಾತಿಯ ಜೊಂಡಿನ ಪುಟ್ಟ ಗೆಡ್ಡೆಯನ್ನು. ಅದು ಚೆನ್ನಾಗಿ ಬರಬೇಕಾದರೆ ನೆಲ ಕೆಲವು ತಿಂಗಳು ಒಣಗಲೇಬೇಕು. ನೀರು ನಿಂತೇ ಇತ್ತು, ಗೆಡ್ಡೆ ಕಡಿಮೆಯಾಯಿತು, ನೂರಾರು ಇದ್ದ ಸಾರಸಗಳು ಬೆರಳೆಣಿಕೆಗೆ ಇಳಿದವು. ಉಳಿಸಬೇಕು ಅಂತ ಮಾಡಿದ ಕೆಲಸವೇ ಅವನ್ನು ಓಡಿಸಿತು.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ್ ನಿಮಗೆ ಗೊತ್ತಿರಬಹುದು. ಅಲ್ಲಿ ಆದದ್ದು ಇನ್ನೊಂದು ಬಗೆ. ಎಮ್ಮೆಗಳು ಮೇಯ್ದು ಹಾಳು ಮಾಡುತ್ತಿವೆ ಅಂತ 1982ರಲ್ಲಿ ಮೇಯಿಸುವುದನ್ನು ನಿಲ್ಲಿಸಿದರು. ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಗೋಲಿಬಾರ್ ಆಗಿ ಜೀವಗಳು ಹೋದವು. ಎಮ್ಮೆಗಳು ಹೋದ ಮೇಲೆ ನೀರಿನ ಮೇಲೆಲ್ಲ ಒಂದು ಹುಲ್ಲು ಹಬ್ಬಿ ಕೂತಿತು. ತೆರೆದ ನೀರು ಕಡಿಮೆಯಾಯಿತು, ಮೀನು ಕಡಿಮೆಯಾಯಿತು, ಹಕ್ಕಿಗೂ ತೊಂದರೆಯಾಯಿತು. ಆ ಹುಲ್ಲನ್ನು ಹಿಡಿತದಲ್ಲಿ ಇಟ್ಟಿದ್ದೇ ಎಮ್ಮೆಗಳು ಅಂತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಶೋಧಕರು ಕಂಡುಕೊಂಡರು. ಎಮ್ಮೆ ಇರಬೇಕೋ ಬೇಡವೋ ಅನ್ನುವುದಕ್ಕೆ ಎಲ್ಲ ಕಡೆಗೂ ಹೊಂದುವ ಉತ್ತರ ಇಲ್ಲ. ಎಷ್ಟು ಎಮ್ಮೆ, ಯಾವ ತಿಂಗಳು, ಯಾವ ಭಾಗದಲ್ಲಿ ಅಂತ ಕೇಳಬೇಕು. ಅದನ್ನು ಎಮ್ಮೆ ಕಾಯುವವರನ್ನೇ ಮೊದಲು ಕೇಳಬೇಕು.

ಈಗ ಸಸಿ ನೆಡುವುದರ ಬಗ್ಗೆ ಒಂದು ಮಾತು. ಇದನ್ನು ಹೇಳಿದಾಗ ಕೆಲವರಿಗೆ ಬೇಜಾರಾಗುತ್ತದೆ. ಸಸಿ ನೆಡುವ ಕೈಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಎಲ್ಲಿ, ಏನು ಅಂತ ನೋಡದೆ ನೆಟ್ಟರೆ ಗಿಡವೂ ಉಳಿಯುವುದಿಲ್ಲ, ಜಾಗವೂ ಕೆಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ದಶಕಗಟ್ಟಲೆ ಕಾಂಡ್ಲಾ ಸಸಿ ನೆಟ್ಟರು, ಮ್ಯಾಂಗ್ರೋವ್ ಅನ್ನುತ್ತೇವಲ್ಲ, ಅದೇ. ಬಹಳ ಕಡೆ ನೂರಕ್ಕೆ ಹತ್ತಿಪ್ಪತ್ತು ಮಾತ್ರ ಬದುಕಿದವು. ಯಾಕಂದರೆ ನೆಟ್ಟದ್ದು ಅಲೆಯ ಕಡೆಗಿನ ತಗ್ಗು ಕೆಸರಿನಲ್ಲಿ. ಅಲ್ಲಿ ಜಾಗ ಖಾಲಿ ಇತ್ತು, ಯಾರ ತಕರಾರೂ ಇರಲಿಲ್ಲ. ಆದರೆ ಕಾಂಡ್ಲಾ ಬೇರಿಗೆ ದಿನದಲ್ಲಿ ಹೆಚ್ಚು ಹೊತ್ತು ಗಾಳಿ ಬೇಕು. ಅದು ಬೆಳೆಯುವ ಎತ್ತರದ ಜಾಗವೆಲ್ಲ ಮೀನು, ಸೀಗಡಿ ಸಾಕುವ ಕೊಳಗಳಾಗಿದ್ದವು. ಹಾಗೆ ಬಿಟ್ಟುಹೋದ ಕೊಳದ ಒಡ್ಡನ್ನು ಸರಿಯಾದ ಕಡೆ ಒಡೆದು, ಉಬ್ಬರದ ನೀರು ಬಂದು ಹೋಗುವಂತೆ ಮಾಡಿದರೆ, ಹತ್ತಿರದಲ್ಲಿ ತಾಯಿಮರ ಇದ್ದರೆ, ಬೀಜ ತೇಲಿಕೊಂಡು ತಾನೇ ಬರುತ್ತದೆ.

ಹುಲ್ಲುಗಾವಲಿಗೂ ಇದೇ ಮಾತು. ಮರ ಇಲ್ಲ ಅಂದ ಕೂಡಲೇ ಅದು ಹಾಳು ನೆಲ ಅಂತ ಲೆಕ್ಕ ಹಾಕಬೇಡಿ. ಸಾವಿರಾರು ವರ್ಷದಿಂದ ಹುಲ್ಲಾಗಿಯೇ ಇರುವ ಬಯಲುಗಳಿವೆ. ಕೃಷ್ಣಮೃಗ, ಎರ್ಲಡ್ಡು ಹಕ್ಕಿ, ತೋಳ, ಇವಕ್ಕೆಲ್ಲ ದೂರದವರೆಗೂ ಕಣ್ಣು ಹಾಯಬೇಕು. ಅಲ್ಲಿ ಸಾಲು ಮರ ಬೆಳೆಸಿದರೆ ಅವುಗಳ ಮನೆ ಕಿತ್ತುಕೊಂಡ ಹಾಗೆ ಅಲ್ವಾ?

ಮರವೇ ಬೇಕಾದ ನೆಲದಲ್ಲೂ ಮೊದಲು ಕೆಳಗೆ ಬಗ್ಗಿ ನೋಡಿ. ನೈಜರ್ ದೇಶದಲ್ಲಿ ಟೋನಿ ರಿನಾಡೊ ಅನ್ನುವವರು ವರ್ಷಗಟ್ಟಲೆ ಸಸಿ ನೆಟ್ಟು ನೆಟ್ಟು ಸೋತಿದ್ದರು. 1983ರಲ್ಲಿ ಒಂದು ದಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಒಂದು ಕುರುಚಲನ್ನು ಹತ್ತಿರದಿಂದ ನೋಡಿದರು. ಅದು ಕುರುಚಲಾಗಿರಲಿಲ್ಲ, ಕಡಿದ ಮರದ ಬೊಡ್ಡೆ ಚಿಗುರಿದ್ದು. ಬೇರು ಜೀವಂತವಾಗಿತ್ತು. ಹೊಲದ ತುಂಬ ಅಂಥ ಬೊಡ್ಡೆಗಳಿದ್ದವು, ಪ್ರತಿ ವರ್ಷ ರೈತರು ಚಿಗುರು ಸವರಿ ಹಾಕುತ್ತಿದ್ದರು. ಒಂದೆರಡು ಗಟ್ಟಿ ಚಿಗುರು ಉಳಿಸಿ ಉಳಿದದ್ದನ್ನು ಸವರಿ ಅಂದರು. ಮಾಡಿದ್ದು ಅಷ್ಟೇ. ಮುಂದಿನ ಎರಡು ದಶಕಗಳಲ್ಲಿ ರೈತರಿಂದ ರೈತರಿಗೆ ಹಬ್ಬಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಎದ್ದವು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ 1990ರ ದಶಕದ ಕೊನೆಗೆ ಸುಮಾರು ಮೂರು ಹೆಕ್ಟೇರ್ ಬರಡು ಹುಲ್ಲುಗಾವಲಿಗೆ ಒಂದು ಸಾವಿರ ಲಾರಿ ಕಿತ್ತಳೆ ಸಿಪ್ಪೆ ಸುರಿದರು. ಜ್ಯೂಸ್ ತೆಗೆದು ಉಳಿದ ಸಿಪ್ಪೆ, 12,000 ಟನ್. ಆಮೇಲೆ ಕೋರ್ಟು ಕಚೇರಿ ಆಗಿ ಯೋಜನೆ ನಿಂತುಹೋಯಿತು, ಜಾಗವನ್ನು ಎಲ್ಲರೂ ಮರೆತರು. ಸುಮಾರು ಹದಿನೈದು ವರ್ಷದ ಮೇಲೆ ಸಂಶೋಧಕರು ಹುಡುಕಿಕೊಂಡು ಹೋದರೆ ಜಾಗವೇ ಸಿಗುತ್ತಿಲ್ಲ. ರಸ್ತೆ ಪಕ್ಕದಲ್ಲೇ ಇದ್ದ ದೊಡ್ಡ ಹಳದಿ ಅಕ್ಷರದ ಬೋರ್ಡನ್ನು ಬಳ್ಳಿಗಳು ಪೂರ್ತಿ ಮುಚ್ಚಿದ್ದವು. ಸಿಪ್ಪೆ ಬಿದ್ದ ಕಡೆ ಪಕ್ಕದ ನೆಲಕ್ಕಿಂತ ಮರದ ರಾಶಿ ಎರಡೂವರೆ ಪಟ್ಟಿಗೂ ಮೀರಿ ಬೆಳೆದಿತ್ತು. ಸಿಪ್ಪೆಯ ದಪ್ಪ ಪದರ ಅಡ್ಡಿಯಾಗಿದ್ದ ಹೊರನಾಡಿನ ಹುಲ್ಲನ್ನು ಸಾಯಿಸಿ, ಮಣ್ಣಿಗೂ ಸಾರ ಕೊಟ್ಟಿತ್ತು. ಹತ್ತಿರದಲ್ಲೇ ಕಾಡು ಇತ್ತು, ಬೀಜ ಬಂತು. ಎಲ್ಲ ಕಡೆ ಸಿಪ್ಪೆ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಅಲ್ಲೂ ಆದದ್ದು ಅಡ್ಡಿ ಸರಿದದ್ದು.

ಕೆಲವು ಕಡೆ ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವ ಪ್ರಾಣಿಯೇ ಇದೆ. ಬೀವರ್. ಮರ ಕಡಿದು, ರೆಂಬೆ ಮತ್ತು ಮಣ್ಣಿನಿಂದ ತೊರೆಗೆ ಅಡ್ಡ ಕಟ್ಟೆ ಕಟ್ಟುತ್ತದೆ. ಅದರ ಕಟ್ಟೆಯ ವಿಶೇಷ ಏನು ಗೊತ್ತಾ? ಅದು ಸೋರುತ್ತದೆ. ನೀರು ನಿಲ್ಲುತ್ತದೆ, ಪಕ್ಕಕ್ಕೆ ಹರಡುತ್ತದೆ, ನೆಲಕ್ಕೆ ಇಂಗುತ್ತದೆ, ಆದರೂ ತೊರೆ ಹರಿಯುತ್ತಲೇ ಇರುತ್ತದೆ. ಹಿಂದಿನ ಕೊಳದಲ್ಲಿ ಕಪ್ಪೆ, ಏರೋಪ್ಲೇನ್ ಚಿಟ್ಟೆ, ಮೀನುಮರಿ, ಬಾತು ಎಲ್ಲ ಸೇರುತ್ತವೆ. ತುಪ್ಪಳಕ್ಕಾಗಿ ಬೇಟೆಯಾಡಿ ಯುರೋಪ್ ಏಷ್ಯಾಗಳಲ್ಲಿ 20ನೇ ಶತಮಾನದ ಶುರುವಿಗೆ ಬರೀ 1,200ರಷ್ಟು ಉಳಿದಿದ್ದವು. ಬೇಟೆ ನಿಲ್ಲಿಸಿ, ಹಳೇ ಜಾಗಗಳಿಗೆ ತಂದು ಬಿಟ್ಟು ಕಾಪಾಡಿದ್ದಕ್ಕೆ ಈಗ 10 ಲಕ್ಷ ದಾಟಿವೆ. ಅಮೆರಿಕದ ಐಡಹೋದಲ್ಲಿ 1948ರಲ್ಲಿ, ರಸ್ತೆ ಇಲ್ಲದ ಬೆಟ್ಟಗಳಿಗೆ 76 ಬೀವರ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ಯಾರಾಚೂಟಿನಲ್ಲಿ ಇಳಿಸಿದ್ದರು. ನೆಲ ಮುಟ್ಟಿದ ಕೂಡಲೇ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಒಂದು ಬಿಟ್ಟು ಎಲ್ಲವೂ ಬದುಕಿ, ಅಲ್ಲೇ ಕಟ್ಟೆ ಕಟ್ಟಿಕೊಂಡವು.

ಹಾಗಂತ ಎಲ್ಲ ಪ್ರಾಣಿಗಳೂ ತಾವಾಗಿ ಬರುವುದಿಲ್ಲ. ರೆಕ್ಕೆ ಇದ್ದವು ಮೊದಲು ಬರುತ್ತವೆ. ನೀರು ನಿಂತ ಕೆಲವೇ ದಿನದಲ್ಲಿ ನೀರುಜೀರುಂಡೆ, ಏರೋಪ್ಲೇನ್ ಚಿಟ್ಟೆ. ಹಿಂದೆಯೇ ಕಪ್ಪೆ, ಅದರ ಹಿಂದೆ ಹಾವು ಮತ್ತು ಕೊಕ್ಕರೆ. ಸಿಹಿನೀರಿನ ಕಪ್ಪೆಚಿಪ್ಪು ಮಾತ್ರ ಬಹಳ ತಡ, ಯಾಕಂದರೆ ಅದರ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡೇ ಪ್ರಯಾಣ ಮಾಡಬೇಕು. ನಡುವೆ ಅಣೆಕಟ್ಟು ಇದ್ದರೆ ಮೀನೂ ಬರುವುದಿಲ್ಲ, ಚಿಪ್ಪೂ ಬರುವುದಿಲ್ಲ. ದೊಡ್ಡ ಪ್ರಾಣಿ ಆ ಸೀಮೆಯಲ್ಲೇ ಅಳಿದಿದ್ದರೆ ತಂದೇ ಬಿಡಬೇಕು. ಅರ್ಜೆಂಟೀನಾದ ಇಬೆರಾ ಜೌಗಿನಲ್ಲಿ ಜಾಗ್ವಾರ್ ಇಲ್ಲದೆ ಸುಮಾರು ಎಪ್ಪತ್ತು ವರ್ಷ ಆಗಿತ್ತು. ಅಲ್ಲಿ ಮೊದಲು ಜೌಗನ್ನು ಕಾಪಾಡಿದರು, ಜಾಗ್ವಾರ್ ತಿನ್ನಲು ಕ್ಯಾಪಿಬಾರಾ ಅನ್ನುವ ದೊಡ್ಡ ಇಲಿಜಾತಿಯ ಪ್ರಾಣಿ ಬೇಕಾದಷ್ಟು ಇತ್ತು, ದೈತ್ಯ ಇರುವೆಭಕ್ಷಕವನ್ನು ತಂದರು. 2021ರ ಜನವರಿಯಲ್ಲಿ ಒಂದು ತಾಯಿ ಜಾಗ್ವಾರ್ ಎರಡು ಮರಿಗಳ ಜೊತೆ ಬೋನಿನಿಂದ ಹೊರಗೆ ನಡೆಯಿತು. ಮೊದಲು ಮನೆ, ಆಮೇಲೆ ಮನೆಯವರು. ಈ ಕ್ರಮ ತಪ್ಪಿಸಿದ ಕಡೆ ತಂದ ಪ್ರಾಣಿಗಳು ಬದುಕುವುದು ಕಷ್ಟ.

ತಿರುಗಿ ಬಾರದ್ದೂ ಇದೆ, ಅದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ವಿಟ್ಲ್‌ಸಿ ಮಿಯರ್ ಅಂತ ದೊಡ್ಡ ಸರೋವರವನ್ನು 1851ರಲ್ಲಿ ಬತ್ತಿಸಿದರು. ಪಕ್ಕದಲ್ಲಿದ್ದದ್ದು ಪೀಟ್ ಮಣ್ಣು, ಸಾವಿರಾರು ವರ್ಷ ನೀರಿನಡಿ ಕೊಳೆಯದೆ ಕೂತ ಗಿಡಗಳ ಪದರ. ನೆಲ ಎಷ್ಟು ಕುಸಿಯುತ್ತೆ ನೋಡೋಣ ಅಂತ ಒಂದು ಕಬ್ಬಿಣದ ಕಂಬ ಹುಗಿದರು, ತುದಿ ನೆಲದ ಮಟ್ಟಕ್ಕೆ ಸಮ. ಇವತ್ತು ಆ ಕಂಬ ನೆಲದಿಂದ ನಾಲ್ಕು ಮೀಟರ್ ಮೇಲೆ ನಿಂತಿದೆ. ಕಂಬ ಬೆಳೆಯಲಿಲ್ಲ, ನೆಲ ಒಣಗಿ, ಗಾಳಿ ತಾಗಿ ಕರಗಿತು. ಭೂಮಿಯ ನೆಲದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಇರುವ ಈ ಪೀಟ್, ಎಲ್ಲ ಕಾಡುಗಳ ಮರಗಿಡಗಳಿಗಿಂತ ಜಾಸ್ತಿ ಇಂಗಾಲ ಹಿಡಿದಿಟ್ಟಿದೆ. ಮತ್ತೆ ನೀರು ನಿಲ್ಲಿಸಿದರೆ ಕರಗುವುದು ನಿಲ್ಲುತ್ತದೆ, ಕರಗಿದ ನಾಲ್ಕು ಮೀಟರ್ ನಮ್ಮ ಕಾಲಕ್ಕೆ ಬರುವುದಿಲ್ಲ. ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವ ಕೆಲಸ ಯಾವತ್ತೂ ಮೊದಲು.

ಜನರ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಇರಾಕಿನ ಜೌಗುಗಳನ್ನು 1991ರ ದಂಗೆಯ ಮೇಲೆ ಸದ್ದಾಂ ಸರ್ಕಾರ ಒಡ್ಡು, ಕಾಲುವೆ ಕಟ್ಟಿ ಬತ್ತಿಸಿತು. ಜೊಂಡಿನ ಮನೆ ಕಟ್ಟಿ, ಎಮ್ಮೆ ಸಾಕಿ, ಮೀನು ಹಿಡಿದು ಬದುಕುತ್ತಿದ್ದ ಜನರನ್ನು ಓಡಿಸುವುದೇ ಉದ್ದೇಶ. ಹತ್ತು ವರ್ಷದಲ್ಲಿ ನೂರಕ್ಕೆ ತೊಂಬತ್ತು ಪಾಲು ಉಪ್ಪು ಮೆತ್ತಿದ ಬಯಲಾಯಿತು. 2003ರಲ್ಲಿ ಸರ್ಕಾರ ಬಿದ್ದ ಕೂಡಲೇ ಊರವರೇ ಹೋಗಿ ಒಡ್ಡು ಒಡೆದರು. ಯಾವ ಯೋಜನಾ ವರದಿಗೂ ಕಾಯಲಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಜಾಗಕ್ಕೆ ನೀರು ಬಂತು, ಜೊಂಡು ಎದ್ದಿತು, ಹಕ್ಕಿ ಬಂತು, ಎಮ್ಮೆಗಳ ಜೊತೆ ಜನ ಬಂದರು. ಈಗ ಮೇಲ್ಭಾಗದ ಅಣೆಕಟ್ಟುಗಳಿಂದ, ಬರದಿಂದ ಮತ್ತೆ ಕಷ್ಟದಲ್ಲಿದೆ. ನದಿಯ ಮೇಲ್ಭಾಗ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಕೆಳಗಿನ ಗೆಲುವು ಯಾವಾಗಲೂ ಹೀಗೆ ಅತಂತ್ರ.

ಒಡಿಶಾದ ಚಿಲಿಕಾ ನನಗೆ ಧೈರ್ಯ ಕೊಡುವ ಉದಾಹರಣೆ. ಸಮುದ್ರದ ಬಾಯಿ ಮರಳಿನಿಂದ ಕಟ್ಟಿ, ನೀರು ಸಿಹಿಯಾಗುತ್ತಾ, ಕಳೆ ತುಂಬಿ, ಮೀನು ಇಳಿದು, 1993ರಲ್ಲಿ ಅಪಾಯದಲ್ಲಿರುವ ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತ್ತು. 2000ದ ಸೆಪ್ಟೆಂಬರಿನಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪು ನೀರು ಒಳಗೆ ಬಂತು, ಕಳೆ ತಾನೇ ಹಿಂದೆ ಸರಿಯಿತು, ಸಮುದ್ರದಿಂದ ಮೀನು, ಸೀಗಡಿ ಒಳಗೆ ಬಂದವು, ಮೀನುಗಾರರ ಬಲೆ ಹಲವು ಪಟ್ಟು ತೂಗಿತು. 2002ರಲ್ಲಿ ಆ ಪಟ್ಟಿಯಿಂದ ಹೊರಬಂತು. ಐರಾವಡ್ಡಿ ಡಾಲ್ಫಿನ್‌ಗಳು ಅಲ್ಲಿ ಇವತ್ತೂ ಇವೆ.

ಮಾತು ಮುಗಿದ ಮೇಲೆ ಎಲ್ಲ ಕಡೆ ಒಂದು ಪ್ರಶ್ನೆ ಬರುತ್ತದೆ, ಸೊಳ್ಳೆ. ನ್ಯಾಯವಾದ ಪ್ರಶ್ನೆ. ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆ ಇರುವ ನೀರಿನಲ್ಲಿ ಸೊಳ್ಳೆಮರಿ ಹೆಚ್ಚು ದಿನ ಉಳಿಯುವುದಿಲ್ಲ. ಅದಕ್ಕೆ ಹಬ್ಬ ಅಂದರೆ ಕೊಳಚೆ ಗುಂಡಿ, ಹಳೇ ಟೈರು, ಮುಚ್ಚದ ಡ್ರಮ್ಮು. ಕೊಳಚೆ ನೀರನ್ನು ಮೊದಲು ಬೇರೆ ಮಾಡಿ. ಗ್ಯಾಂಬೂಸಿಯಾ ಮೀನು ಮಾತ್ರ ತಂದು ಬಿಡಬೇಡಿ. ಸೊಳ್ಳೆಗೆ ಅಂತ ಪ್ರಪಂಚದ ತುಂಬ ಬಿಟ್ಟಿದ್ದಾರೆ, ಅದು ಗೊದಮೊಟ್ಟೆಗಳನ್ನೂ ಅಲ್ಲಿಯದೇ ಆದ ಮೀನುಮರಿಗಳನ್ನೂ ತಿನ್ನುತ್ತದೆ, ಆಮೇಲೆ ತೆಗೆಯಲು ಆಗುವುದೇ ಇಲ್ಲ.

ಇನ್ನೊಂದು ಪ್ರಶ್ನೆ ಬರೆದು ಕೊಟ್ಟಿದ್ದಾರೆ: ನಮ್ಮ ಹತ್ತಿರ ಇಂಥ ಒಂದು ಜಾಗ ಇದೆ, ನಾಳೆಯೇ ಏನು ಶುರು ಮಾಡಲಿ? ನಾಳೆ ಏನೂ ಅಗೆಯಬೇಡಿ. ಒಂದು ವರ್ಷ ಸುಮ್ನೆ ನೋಡಿ. ಅಡಿ, ಅಂಗುಲದ ಗೆರೆ ಹಾಕಿದ ಒಂದು ಕೋಲನ್ನು ಅತಿ ತಗ್ಗಾದ ಕಡೆ ಹುಗಿದು, ವಾರಕ್ಕೊಮ್ಮೆ ನೀರು ಎಲ್ಲಿದೆ ಅಂತ ಬರೆದಿಡಿ. ಪಕ್ಕದಲ್ಲೇ ಯಾವ ಹಕ್ಕಿ, ಎಷ್ಟು, ಯಾವ ಆಳದಲ್ಲಿ ನಿಂತಿತ್ತು ಅಂತಲೂ ಬರೆಯಿರಿ. ಹಳೇ ನಕ್ಷೆ ಹುಡುಕಿ. ನೀರು ಮೊದಲು ಎಲ್ಲಿಂದ ಬರುತ್ತಿತ್ತು, ಎಲ್ಲಿ ಹೋಗುತ್ತಿತ್ತು ಅಂತ ಆ ಜಾಗ ಬಲ್ಲ ಹಿರಿಯರನ್ನು ಕೇಳಿ. ಜೋರು ಮಳೆಯಲ್ಲೇ ಛತ್ರಿ ಹಿಡಿದು ಹೋಗಿ, ನೀರಿನ ಜೊತೆ ನಡೆಯಿರಿ, ಎಲ್ಲಿ ತಡೆಯಾಗಿದೆ ಅಂತ ಆಗ ಕಾಣುತ್ತದೆ. ಒಂದು ತಟ್ಟೆ ಮಣ್ಣು ತಂದು ಕಿಟಕಿ ಪಕ್ಕ ಇಡಿ. ಕೋಲನ್ನು ಮಾತ್ರ ಮಳೆಗಾಲಕ್ಕೆ ಮುಂಚೆಯೇ ಹುಗಿಯಿರಿ, ನೀರು ತುಂಬಿದ ಮೇಲೆ ತಗ್ಗು ಯಾವುದು ಅಂತ ಗೊತ್ತಾಗುವುದಿಲ್ಲ.